ಸಮುದ್ರ ನೋಡಲು ಹರಕೆ ಬೇಕಿಲ್ಲ

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆಯ ಯಾವುದೇ ಹಳ್ಳಿಯಲ್ಲಿ ನಲವತ್ತೈದು ಐವತ್ತು ದಾಟಿದ ಗಂಡ ಹೆಂಡತಿ ‘ನಾವಿಬ್ಬರೇ ನಾಲ್ಕು ದಿನ ಮಂಗಳೂರಿಗೆ ಹೋಗಿ ಸಮುದ್ರ ನೋಡಿಕೊಂಡು ಬರುತ್ತೇವೆ’ ಅಂದರೆ ಸಾಕು, ಜಗಲಿಯ ಮೇಲೆ ವಿಚಾರಣೆ ಶುರುವಾಗುತ್ತದೆ. ‘ಏನಾದ್ರೂ ಹರಕೆ ಇತ್ತಾ?’ ‘ಆಸ್ಪತ್ರೆಗಾ, ಯಾರಿಗ್ ಏನಾಯ್ತು?’ ‘ಅಲ್ಲಿ ನೆಂಟ್ರು ಯಾರಾದ್ರೂ ಅವ್ರಾ?’ ಮೂರೂ ಅಲ್ಲ, ಸುಮ್ಮನೆ ನೋಡಲಿಕ್ಕೆ ಎಂದು ಗೊತ್ತಾದರೆ ಧಾಟಿಯೇ ಬದಲಾಗುತ್ತದೆ. ‘ಈ ವಯಸ್ಸಲ್ಲಿ ಇವ್ರಿಗ್ ಏನ್ ಬಂತು ಕಣಕ್ಕ.’

ಈ ಮಾತಿನ ಹಿಂದೆ ಗಟ್ಟಿಯಾದ ಒಂದು ನಂಬಿಕೆಯಿದೆ. ದುಡಿಯುವ ಜನ ಊರು ಬಿಡಬೇಕಾದರೆ ಕಾರಣ ಬೇಕು. ಆ ಕಾರಣ ದೇವರಾಗಿರಬೇಕು, ಕಾಯಿಲೆಯಾಗಿರಬೇಕು, ನೆಂಟಸ್ತನವಾಗಿರಬೇಕು, ಇಲ್ಲವೇ ಕೂಲಿಯಾಗಿರಬೇಕು. ಗಂಡ ಹೆಂಡತಿ ಇಬ್ಬರೇ ಬರೀ ಸಂತೋಷಕ್ಕೆ ಹೊರಡುವುದು ಹೊಸದಾಗಿ ಮದುವೆಯಾದವರಿಗೆ, ಅದೂ ಒಂದೇ ಸಲಕ್ಕೆ, ಒಪ್ಪುವ ಸಂಗತಿ. ಉಳಿದವರಿಗೆ ಅದು ದಂಡದ ಖರ್ಚು, ಹೆಂಗಸಿನ ಮಟ್ಟಿಗಂತೂ ನಾಚಿಕೆಗೇಡು. ಈ ನಂಬಿಕೆ ತಪ್ಪು ಎಂದು ನಾನು ಹೇಳುತ್ತೇನೆ. ನಮ್ಮ ಹೊಲಮನೆಗಳಲ್ಲಿ ಬದುಕು ಸವೆಸಿದವರಿಗೆ, ಅದರಲ್ಲೂ ಹೆಣ್ಣುಮಕ್ಕಳಿಗೆ, ತಲೆಮಾರುಗಳಿಂದ ನಡೆದು ಬಂದ ಅನ್ಯಾಯ ಇದು. ಹಿರಿಯರ ವಿವೇಕ, ಮಿತವ್ಯಯ ಎಂಬ ಹೆಸರಿನಲ್ಲಿ ಇದನ್ನು ಹೊಗಳುವುದನ್ನು ನಾವು ನಿಲ್ಲಿಸಬೇಕು.

ದೂರ ಹೋಗುವುದೇ ತಪ್ಪು ಎಂದು ಇವರು ಯಾರೂ ಹೇಳುವುದಿಲ್ಲ, ಅದನ್ನು ಮೊದಲು ಗಮನಿಸಬೇಕು. ಕಾಫಿ ಹಣ್ಣಿನ ಕಾಲದಲ್ಲಿ ಬೆಳಕು ಹರಿಯುವ ಮುಂಚೆ ಹನಗೋಡಿನ ರಸ್ತೆಯಲ್ಲಿ, ಪಿರಿಯಾಪಟ್ಟಣದ ಅಂಚಿನ ಹಳ್ಳಿಗಳಲ್ಲಿ, ಹಾಡಿಗಳ ಬಾಯಲ್ಲಿ ಜೀಪುಗಳು ನಿಂತಿರುತ್ತವೆ. ಗಂಡ ಹೆಂಡತಿ ಇಬ್ಬರೂ ಅದೇ ಜೀಪಿನಲ್ಲಿ ಒತ್ತರಿಸಿಕೊಂಡು ಕೊಡಗಿನ ತೋಟಗಳಿಗೆ ಹೋಗುತ್ತಾರೆ. ಕೆಲವರು ವಾರಗಟ್ಟಲೆ ಅಲ್ಲಿನ ಲೈನ್ ಮನೆಗಳಲ್ಲೇ ಉಳಿಯುತ್ತಾರೆ. ಎಚ್.ಡಿ. ಕೋಟೆಯವರು ಬಾವಲಿ ಗಡಿ ದಾಟಿ ವಯನಾಡಿಗೆ ಕೂಲಿಗೆ ಹೋಗುತ್ತಾರೆ. ‘ಮಕ್ಕಳನ್ನು ಬಿಟ್ಟು ಇಬ್ಬರೇ ಯಾಕೆ ಹೋದಿರಿ, ಹಸು ಯಾರು ನೋಡಿಕೊಂಡರು’ ಎಂದು ಆಗ ಯಾರೂ ಕೇಳುವುದಿಲ್ಲ. ಕೊಡಗಿನ ಆ ತೋಟಗಳಿಂದ ಇನ್ನು ನೂರಿಪ್ಪತ್ತು, ನೂರೈವತ್ತು ಕಿಲೋಮೀಟರ್ ಮುಂದೆ ಮಂಗಳೂರಿನ ಸಮುದ್ರ ಇದೆ. ದುಡಿಮೆಗೆ ಹೋದರೆ ಹತ್ತಿರ, ನೋಡಲಿಕ್ಕೆ ಹೋದರೆ ದೂರ. ಈ ಲೆಕ್ಕ ಎಲ್ಲಿಂದ ಬಂತು ಎಂದು ಯೋಚಿಸಿದವರು ಕಡಿಮೆ.

ಇನ್ನೊಂದು ಕಡೆಯಿಂದಲೂ ನೋಡಿ. ನಮ್ಮ ಈ ನಾಲ್ಕು ತಾಲ್ಲೂಕುಗಳು ಬೇರೆಯವರ ಪ್ರವಾಸದ ಊರುಗಳು. ಕಬಿನಿ ಹಿನ್ನೀರಿನ ದಡದಲ್ಲಿ ರೆಸಾರ್ಟುಗಳ ಸಾಲಿದೆ. ಬೆಂಗಳೂರಿನಿಂದ, ದೆಹಲಿಯಿಂದ, ವಿದೇಶಗಳಿಂದ ದಂಪತಿಗಳು ಕಾರಾಪುರಕ್ಕೆ ಬಂದು ನಾಗರಹೊಳೆಯೊಳಗೆ ಹುಲಿ ಕಾಣುವವರೆಗೂ ಜೀಪಿನಲ್ಲಿ ತಿರುಗುತ್ತಾರೆ. ಬೈಲಕುಪ್ಪೆಯ ಸ್ವರ್ಣ ದೇವಾಲಯದ ಮುಂದೆ, ಚುಂಚನಕಟ್ಟೆಯ ಜಲಪಾತದ ಮುಂದೆ ಹೊರಗಿನ ಗಂಡ ಹೆಂಡತಿ ಕೈ ಹಿಡಿದು ಫೋಟೊ ತೆಗೆಸಿಕೊಂಡರೆ ನಮಗೆ ಏನೂ ಅನಿಸುವುದಿಲ್ಲ. ‘ಪಾಪ, ದೂರದಿಂದ ಬಂದವ್ರೆ’ ಎಂದು ದಾರಿ ತೋರಿಸುತ್ತೇವೆ. ಎಪ್ಪತ್ತರ ದಶಕದಲ್ಲಿ ಬೀಚನಹಳ್ಳಿಯಲ್ಲಿ ಕಬಿನಿಗೆ ಅಣೆಕಟ್ಟು ಮುಗಿದಾಗ ಹೊಲ ಮನೆ ಮುಳುಗಿ ಊರು ಬಿಟ್ಟವರು ನಮ್ಮವರೇ. ಆ ನೀರಿನ ಚೆಲುವನ್ನು ಕುಳಿತು ನೋಡುವ ಬಿಡುವು ಬೇರೆಯವರಿಗೆ ಸಿಕ್ಕಿತು. ಅವರು ಬರುವುದು ಬೇಡ ಎನ್ನುತ್ತಿಲ್ಲ. ರೆಸಾರ್ಟಿನಲ್ಲಿ ಹಾಸಿಗೆ ಮಡಚುವ ಅಂತರಸಂತೆಯ ಹೆಣ್ಣುಮಗಳು ತನ್ನ ಗಂಡನ ಜೊತೆ ಒಂದು ಸಲ ಬೇರೆಯವರು ಹಾಸಿಕೊಟ್ಟ ಹಾಸಿಗೆಯಲ್ಲಿ ಮಲಗಿ ಬರುವುದು ಏಕೆ ಅತಿರೇಕ ಎಂದು ಕೇಳುತ್ತಿದ್ದೇನೆ.

ಈಗ ತಂಬಾಕು ಹದಮಾಡುವ ಬ್ಯಾರನ್‌ನ ಮಾತಿಗೆ ಬರುತ್ತೇನೆ, ಏಕೆಂದರೆ ಇದರ ತಿರುಳು ಅಲ್ಲಿದೆ. ವರ್ಜೀನಿಯಾ ತಂಬಾಕು ಬೆಳೆಯುವ ಮನೆಯ ವರ್ಷ ಹೇಗಿರುತ್ತದೆ ಎಂದು ಹುಣಸೂರು, ಪಿರಿಯಾಪಟ್ಟಣದವರಿಗೆ ಹೇಳಬೇಕಿಲ್ಲ. ಮಾರ್ಚ್ ಹೊತ್ತಿಗೆ ಸಸಿಮಡಿ. ಮೇ ತಿಂಗಳ ಮಳೆಗೆ ನಾಟಿ. ಜುಲೈಯಿಂದ ಸೊಪ್ಪು ಮುರಿಯುವ ಕೆಲಸ. ಮುರಿದ ಸೊಪ್ಪನ್ನು ಅಂದಂದೇ ಕಡ್ಡಿಗೆ ಕಟ್ಟಿ ಬ್ಯಾರನ್‌ಗೆ ಏರಿಸಬೇಕು. ಕಟ್ಟುವ ಕೈಗಳು ಬಹುಮಟ್ಟಿಗೆ ಹೆಂಗಸರವು. ಹಸಿ ಎಲೆಯ ಅಂಟು ಬೆರಳಿಗೆ ಮೆತ್ತಿ ಕರ್ರಗಾಗುತ್ತದೆ. ಸೋಪು ಹಾಕಿ ಉಜ್ಜಿದರೂ, ಬೂದಿ ಹಾಕಿ ಉಜ್ಜಿದರೂ ಪೂರ್ತಿ ಹೋಗುವುದಿಲ್ಲ. ಆ ಕೈಯಲ್ಲಿ ಮುದ್ದೆ ಮುರಿದು ಬಾಯಿಗಿಟ್ಟರೆ ತುತ್ತು ಕಹಿ. ಮಳೆಯಲ್ಲಿ ನೆಂದ ಸೊಪ್ಪು ಮುರಿದ ದಿನ ತಲೆಸುತ್ತು, ವಾಕರಿಕೆ; ಎಲೆಯ ನಿಕೋಟಿನ್ ಚರ್ಮದ ಮೂಲಕವೇ ಮೈಗಿಳಿಯುವುದರಿಂದ ಹಾಗಾಗುತ್ತದೆ. ಆಮೇಲೆ ಐದಾರು ದಿನ ಹಗಲೂ ರಾತ್ರಿ ಬೆಂಕಿ. ಶಾಖ ಏರಿದರೆ ಸೊಪ್ಪು ಸುಟ್ಟಿತು, ಇಳಿದರೆ ಬಣ್ಣ ಕೆಟ್ಟಿತು. ಆದ್ದರಿಂದ ಒಬ್ಬರು ಮಲಗಿದರೆ ಇನ್ನೊಬ್ಬರು ಎದ್ದಿರಬೇಕು. ಗಂಡ ಹನ್ನೆರಡರವರೆಗೆ ಸೌದೆ ಒಟ್ಟಿದರೆ ಹೆಂಡತಿ ಅಲ್ಲಿಂದ ಮುಂದಕ್ಕೆ, ಕೋಳಿ ಕೂಗಿದ ಮೇಲೆ ಅವಳಿಗೆ ಅಡುಗೆಮನೆ. ಸೀಸನ್ ಮುಗಿಯಿತೆನ್ನುವಾಗ ಗ್ರೇಡ್ ಮಾಡುವ ಕೆಲಸ ಬಂತು. ಬೇಲು ಕಟ್ಟಿ ಕಟ್ಟೆಮಳಲವಾಡಿಗೋ, ಚಿಲ್ಕುಂದಕ್ಕೋ, ಕಂಪಲಾಪುರಕ್ಕೋ ಹರಾಜಿಗೆ ಕಳಿಸುವುದು ಬಂತು. ತಂಬಾಕು ಮಂಡಳಿಯ ಪರವಾನಗಿ ಸಾಮಾನ್ಯವಾಗಿ ಗಂಡನ ಹೆಸರಲ್ಲಿ, ಹರಾಜಿನ ದುಡ್ಡು ಅವನ ಖಾತೆಗೆ, ಅದರಲ್ಲಿ ಮೊದಲ ಪಾಲು ಬ್ಯಾಂಕಿನ ಸಾಲಕ್ಕೆ.

ಇಪ್ಪತ್ತೈದು ವರ್ಷ ಹೀಗೆ ಒಂದೇ ಸೂರಿನಡಿ ಬಾಳಿದ ಇಬ್ಬರು ಕೆಲಸವಿಲ್ಲದೆ, ಎಚ್ಚರವಾಗಿ, ಒಟ್ಟಿಗೆ ಕುಳಿತ ಹೊತ್ತು ಎಷ್ಟಿರಬಹುದು? ಅವರ ನಡುವಿನ ಮಾತೆಲ್ಲ ಸೌದೆ ಎಷ್ಟು ಲೋಡು ಬೇಕು, ಗೊಬ್ಬರದ ಬಾಕಿ ಎಷ್ಟು, ಮಗನ ಫೀಸು ಯಾವಾಗ ಎನ್ನುವುದರಲ್ಲೇ ಮುಗಿದಿರುತ್ತದೆ. ಇಂಥವರಿಗೆ ‘ಇಬ್ಬರೇ’ ಎಂಬುದನ್ನು ನಾವು ನಿಷೇಧಿಸುತ್ತೇವೆ. ಇನ್ನೂ ಒಬ್ಬರ ಮುಖ ಒಬ್ಬರು ಸರಿಯಾಗಿ ನೋಡಿರದ, ಮದುವೆಯಾಗಿ ವಾರ ಕಳೆದಿರದ ಹುಡುಗ ಹುಡುಗಿಗೆ ಗೋವಾದ ಪ್ಯಾಕೇಜ್ ಮಾಡಿಸಿ, ಹಾರ ಹಾಕಿ ಕಳಿಸುತ್ತೇವೆ. ಆ ಮಕ್ಕಳು ಹೋಗಿ ಬರಲಿ, ಸಂತೋಷ. ಆದರೆ ಪ್ರವಾಸದ ನಿಜವಾದ ಹಸಿವಿರುವುದು ಬ್ಯಾರನ್ ಮುಂದೆ ಪಾಳಿ ಹಾಕಿಕೊಂಡು ನಿದ್ದೆಗೆಟ್ಟ ಜೋಡಿಗೆ.

ಕೆ.ಆರ್. ನಗರದ ಭತ್ತದ ಗದ್ದೆಯವರಿಗೂ ಇದೇ ಮಾತು ಸಲ್ಲುತ್ತದೆ. ನಾಲೆಗೆ ನೀರು ಬಿಟ್ಟ ದಿನದಿಂದ ಕಣದ ಕೆಲಸ ಮುಗಿಯುವವರೆಗೆ ಅಲ್ಲಿಯೂ ಬಿಡುವಿಲ್ಲ.

‘ಹಾಗಂದ್ರೆ ನಮ್ಮವರು ಎಲ್ಲೂ ಹೋಗಲ್ವಾ? ವರ್ಷಕ್ಕೊಂದ್ಸಲ ಧರ್ಮಸ್ಥಳಕ್ಕೆ ಹೋಗಲ್ವಾ?’ ಎಂಬ ಪ್ರಶ್ನೆ ಬರುತ್ತದೆ. ಹೋಗುತ್ತಾರೆ. ಸುಬ್ರಹ್ಮಣ್ಯ, ಧರ್ಮಸ್ಥಳ, ಕಟೀಲು, ಉಡುಪಿ, ಕೊಲ್ಲೂರು ಒಂದೇ ಉಸಿರಿನಲ್ಲಿ ಮುಗಿಸುವ ಮಿನಿ ಬಸ್ಸಿನ ಟೂರು ನಮ್ಮ ಕಡೆ ಮಾಮೂಲು. ದೇವರ ಮೇಲಿನ ಭಕ್ತಿಯನ್ನು ನಾನು ಅಳೆಯಲು ಹೊರಟಿಲ್ಲ. ಮಂಜುನಾಥನ ಮುಂದೆ ಕೈ ಮುಗಿದು ನಿಂತ ತಾಯಿಯ ನೆಮ್ಮದಿ ನನಗೂ ಗೊತ್ತು. ಆದರೆ ಈ ಟೂರನ್ನು ಪ್ರವಾಸ ಎಂದು ತೋರಿಸಿ ‘ಎಲ್ಲಾ ನೋಡಿಸಿದೀವಿ’ ಎನ್ನುವವರಿಗೆ ಮಲ್ಪೆಯಲ್ಲಿ ಕಂಡದ್ದನ್ನು ಹೇಳುತ್ತೇನೆ. ಸಂಜೆ ಹೊತ್ತು. ಮೈಸೂರು ಕಡೆಯ ಒಂದು ಟೂರಿನ ಬಸ್ಸು ಬಂದು ನಿಂತಿತು. ಗಂಡಸರು ಇಳಿದು ಪ್ಯಾಂಟು ಮಡಚಿ ನೇರ ನೀರಿಗೆ ಹೋದರು. ಹೆಂಗಸರು ಇಳಿದದ್ದು ಆಮೇಲೆ: ಮಕ್ಕಳ ಚಪ್ಪಲಿ ಕಳಚಿ, ಅತ್ತೆಯನ್ನು ಕೈ ಹಿಡಿದು ಇಳಿಸಿ, ಬ್ಯಾಗುಗಳನ್ನು ಒಂದು ಕಡೆ ಸೇರಿಸಿ. ನಡುವಯಸ್ಸಿನ ಒಬ್ಬಾಕೆ ಸೀರೆ ಸ್ವಲ್ಪ ಎತ್ತಿಕೊಂಡು ನೀರಿನ ಅಂಚಿಗೆ ಬಂದರು. ಅಲೆ ಬಂದು ಪಾದ ತೋಯಿಸಿ ಹಿಂದೆ ಸರಿದಾಗ ಕಾಲಡಿಯ ಮರಳು ಜಾರುತ್ತದಲ್ಲ, ಆಗ ಆಕೆ ಬೆಚ್ಚಿ, ನಕ್ಕು, ತಿರುಗಿ ಯಾರನ್ನೋ ಹುಡುಕಿದರು. ಗಂಡ ಇಪ್ಪತ್ತು ಮಾರು ಆಚೆ ತಮ್ಮಂದಿರ ಜೊತೆ ಇದ್ದರು. ಅಷ್ಟರಲ್ಲಿ ಡ್ರೈವರು ಹಾರನ್ ಹೊಡೆದ. ಕೊಲ್ಲೂರಿನ ರಾತ್ರಿಯ ಮಂಗಳಾರತಿಗೆ ತಲುಪಬೇಕಿತ್ತು. ಬಸ್ಸಿನ ಹಿಂಬದಿಯಲ್ಲಿ ಗ್ಯಾಸ್ ಸ್ಟವ್ವು, ಸಾಂಬಾರಿನ ಪಾತ್ರೆ, ಈರುಳ್ಳಿ ಚೀಲ. ಆ ರಾತ್ರಿಯ ಅಡುಗೆಯೂ ಅದೇ ಹೆಂಗಸರ ಪಾಲಿಗೆ. ಅಡುಗೆಮನೆಗೆ ಚಕ್ರ ಕಟ್ಟಿ ಮುನ್ನೂರು ಕಿಲೋಮೀಟರ್ ಓಡಿಸಿದ ಮಾತ್ರಕ್ಕೆ ಆಕೆಗೆ ರಜೆ ಸಿಕ್ಕಿತು ಎನ್ನಲಾಗದು.

ಸಮುದ್ರ ಅರ್ಧ ಗಂಟೆಯಲ್ಲಿ ನೋಡಿ ಮುಗಿಸುವಂಥದ್ದೂ ಅಲ್ಲ. ದಿನಕ್ಕೆ ಎರಡು ಸಲ ಉಬ್ಬರ, ಎರಡು ಸಲ ಇಳಿತ. ದಿನದಿಂದ ದಿನಕ್ಕೆ ಅದರ ಹೊತ್ತು ಸುಮಾರು ಐವತ್ತು ನಿಮಿಷ ಮುಂದೆ ಸರಿಯುತ್ತದೆ. ಬೆಳಿಗ್ಗೆ ಕುಳಿತ ಬಂಡೆ ಮಧ್ಯಾಹ್ನ ಇರುವುದಿಲ್ಲ. ಒಂದೇ ದಡದಲ್ಲಿ ಮೂರು ದಿನ ಇದ್ದವರಿಗೆ ಮಾತ್ರ ಅದು ತಿಳಿಯುತ್ತದೆ.

ಹರಕೆಯ ನೆಪವಿಲ್ಲದೆ ಹೋಗುವುದು ಹೊಸ ಕಾಲದ ಹುಚ್ಚು ಎನ್ನುವವರೂ ಇದ್ದಾರೆ. ಆದರೆ ಇದು ಹೊಸದಲ್ಲ. 1936ರಲ್ಲಿ ಫ್ರಾನ್ಸಿನಲ್ಲಿ ಕಾರ್ಖಾನೆಯ ಕೂಲಿಕಾರರಿಗೆ ವರ್ಷಕ್ಕೆ ಎರಡು ವಾರ ಸಂಬಳದ ರಜೆ ಕೊಡಬೇಕೆಂದು ಕಾನೂನಾಯಿತು, ಜೊತೆಗೆ ರೈಲಿನಲ್ಲಿ ರಿಯಾಯಿತಿ ಟಿಕೆಟ್ ಬಂತು. ಆ ಬೇಸಿಗೆಯಲ್ಲಿ ಎಷ್ಟೋ ಕಾರ್ಮಿಕ ಕುಟುಂಬಗಳು ಬದುಕಿನಲ್ಲಿ ಮೊದಲ ಸಲ ಸಮುದ್ರ ಕಂಡವು. ಅದುವರೆಗೆ ದಡ ತಮ್ಮದೇ ಎಂದುಕೊಂಡಿದ್ದ ಸಿರಿವಂತರು ಮೂಗು ಮುರಿದರು. 1948ರ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯ 24ನೆಯ ವಿಧಿ ವಿಶ್ರಾಂತಿಯನ್ನೂ ಬಿಡುವನ್ನೂ ಪ್ರತಿ ಮನುಷ್ಯನ ಹಕ್ಕು ಎಂದು ಹೇಳಿತು. ನಮ್ಮಲ್ಲಿ ಕೇಂದ್ರ ಸರ್ಕಾರದ ನೌಕರರಿಗೆ ರಜೆ ಪ್ರಯಾಣಕ್ಕೆ ಎಲ್‌ಟಿಸಿ ಇದೆ, ಅವರು ಹೋಗಿ ಬಂದರೆ ಯಾರೂ ದಂಡ ಎನ್ನುವುದಿಲ್ಲ. ರೈತನಿಗೆ, ಕೂಲಿಯವಳಿಗೆ ರಜೆ ಮಂಜೂರು ಮಾಡುವ ಮೇಲಧಿಕಾರಿ ಇಲ್ಲ. ಅವರ ರಜೆಯನ್ನು ಊರು ಒಪ್ಪಬೇಕು, ಮನೆ ಒಪ್ಪಬೇಕು. ಒಪ್ಪದಿರುವುದು ನಾವೇ.

ಫ್ರಾನ್ಸಿನ ಆ ಮೂಗು ಮುರಿಯುವಿಕೆ 2023ರ ಜೂನ್ 11ರ ನಂತರ ನಮ್ಮಲ್ಲೂ ಕೇಳಿಸಿತು. ಶಕ್ತಿ ಯೋಜನೆ ಬಂದು ಕರ್ನಾಟಕದ ಹೆಣ್ಣುಮಕ್ಕಳಿಗೆ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟ್ ದರ ಇಲ್ಲವಾದಾಗ ‘ಹೆಂಗಸರು ಮನೆ ಬಿಟ್ಟು ಊರೂರು ಸುತ್ತುತ್ತಾವೆ’ ಎಂಬ ಮಾತು ಹೋಟೆಲಿನ ಬೆಂಚುಗಳ ಮೇಲೆ ಹರಿದಾಡಿತು. ಸುತ್ತಲಿ ಎಂದೇ ನಾನು ಹೇಳುತ್ತೇನೆ. ಸರ್ಕಾರದ ಬೊಕ್ಕಸಕ್ಕೆ ಅದು ಭಾರವೇ, ಯಾವ ಬಸ್ಸಿಗೆ ಎಷ್ಟು, ಎಲ್ಲಿಂದ ಹಣ ಎಂಬ ಚರ್ಚೆ ನಡೆಯಬೇಕು. ಆದರೆ ಆ ಬೆಂಚಿನ ಮೇಲಿನ ಸಿಟ್ಟು ಬೊಕ್ಕಸದ ಮೇಲಿನ ಕಾಳಜಿಯಿಂದ ಬಂದದ್ದಲ್ಲ, ಹೆಂಗಸು ಕಾರಣ ಹೇಳದೆ ಬಸ್ ಹತ್ತಿದಳಲ್ಲ ಎಂಬುದರಿಂದ ಬಂದದ್ದು. ಹುಣಸೂರಿನ ಗಂಡಸು ಯಾವ ಕೆಲಸವೂ ಇಲ್ಲದೆ ಮೈಸೂರಿಗೆ ಹೋಗಿ ಸಿನಿಮಾ ನೋಡಿ ಬಂದರೆ ಅವನಿಗೆ ಯಾರೂ ಲೆಕ್ಕ ಕೇಳಿದ್ದಿಲ್ಲ.

ಖರ್ಚಿನ ಮಾತು ಬೇರೆ, ಅದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಸಾಲಕ್ಕೆ ಒಡವೆ ಅಡವಿಟ್ಟ ಮನೆಗೆ ಹೋಗಿ ಸಮುದ್ರ ನೋಡಿ ಬನ್ನಿ ಎಂದು ಹೇಳುವ ಧೈರ್ಯ ನನಗಿಲ್ಲ, ಹೇಳಬಾರದು ಕೂಡ. ಆದರೆ ‘ಎಲ್ಲಿಂದ ತರೋದು’ ಎಂದು ಹೇಳುವ ಎಲ್ಲ ಮನೆಗಳೂ ಆ ಸ್ಥಿತಿಯಲ್ಲಿಲ್ಲ. ಕೆಂಪು ಬಸ್ಸಿನಲ್ಲಿ ಹೆಂಡತಿಗೆ ಟಿಕೆಟ್ ದುಡ್ಡಿಲ್ಲ, ಗಂಡನೊಬ್ಬನದೇ. ಮಂಗಳೂರಿನ ಹಂಪನಕಟ್ಟೆಯ ಸುತ್ತ, ರೈಲ್ವೆ ನಿಲ್ದಾಣದ ಆಸುಪಾಸಿನಲ್ಲಿ ರಾತ್ರಿಗೆ ಸಾವಿರ ರೂಪಾಯಿಯ ಆಸುಪಾಸಿಗೆ ಸಾಧಾರಣ ಕೋಣೆ ಸಿಗುತ್ತದೆ. ಮೂರು ರಾತ್ರಿ, ಇಬ್ಬರ ಊಟ ತಿಂಡಿ, ಊರೊಳಗಿನ ಬಸ್ಸು ಎಲ್ಲ ಸೇರಿ ಆರೇಳು ಸಾವಿರ. ಅದೇ ಮನೆಯವರು ಬೀಗರೂಟಕ್ಕೆ ಕುರಿ ಎಷ್ಟು ಕಡಿದರು, ಮಗುವಿನ ನಾಮಕರಣಕ್ಕೆ ಶಾಮಿಯಾನ, ಫ್ಲೆಕ್ಸು, ಡಿಜೆಗೆ ಎಷ್ಟು ಸುರಿದರು ಎಂದು ನೋಡಿ. ಆ ಖರ್ಚು ಊರಿನ ಬಾಯಿಗೆ, ಆದ್ದರಿಂದ ಅದು ಮರ್ಯಾದೆ. ಇಬ್ಬರ ಮನಸ್ಸಿಗೆ ಹೋಗುವ ಆರು ಸಾವಿರ ಮಾತ್ರ ದಂಡ. ಈ ತಕ್ಕಡಿಯನ್ನು ನಾನು ಒಪ್ಪುವುದಿಲ್ಲ.

ಹಸುವಿನ ಪ್ರಶ್ನೆ ನಿಜವಾದ ಪ್ರಶ್ನೆ. ಬೆಳಿಗ್ಗೆ ಸಂಜೆ ಡೇರಿಗೆ ಹಾಲು ಹಾಕುವ ಮನೆಯಲ್ಲಿ ಹಸು ಯಾರ ಕೈಗೆ ಬೇಕಾದರೂ ಹಾಲು ಬಿಡುವುದಿಲ್ಲ, ವಯಸ್ಸಾದ ಅತ್ತೆ ಮಾವನಿಗೆ ಊಟ ಹಾಕುವವರು ಬೇಕು. ಇದಕ್ಕೆ ಉತ್ತರ ನಮ್ಮಲ್ಲೇ ಇದೆ. ಮುಯ್ಯಾಳಿನ ಲೆಕ್ಕದಲ್ಲಿ ನಾಟಿ ಹಾಕುವವರು, ಕಳೆ ಕೀಳುವವರು, ಸೊಪ್ಪು ಕಟ್ಟುವವರು ನಾವು. ಇವತ್ತು ನಿಮ್ಮ ಹೊಲಕ್ಕೆ ನಾನು, ನಾಳೆ ನನ್ನ ಹೊಲಕ್ಕೆ ನೀವು. ಮದುವೆಗೆ ಮುಯ್ಯಿ ಮಾಡಿ, ಅದನ್ನು ಪುಸ್ತಕದಲ್ಲಿ ಬರೆದಿಟ್ಟು, ಸಮಯ ಬಂದಾಗ ಹಿಂದಿರುಗಿಸುವವರು ನಾವು. ನಾಲ್ಕು ದಿನ ಪಕ್ಕದ ಮನೆಯ ಹಸು ಕರೆದು, ಹಿರಿಯರಿಗೆ ಮುದ್ದೆ ಕಟ್ಟಿಕೊಟ್ಟು, ಮುಂದಿನ ತಿಂಗಳು ಅದನ್ನೇ ವಾಪಸ್ ಪಡೆಯುವುದು ಈ ರೂಢಿಗೆ ಹೊಸದಲ್ಲ. ಕೆಲಸಕ್ಕೆ ಮುಯ್ಯಿ ಉಂಟು, ಬಿಡುವಿಗೆ ಇಲ್ಲ ಎಂದು ಯಾರೂ ವಿಧಿಸಿಲ್ಲ. ಸ್ತ್ರೀಶಕ್ತಿ ಸಂಘಗಳು ವಾರದ ಉಳಿತಾಯದ ಸಭೆಯಲ್ಲಿ ಇದನ್ನು ಎತ್ತಿಕೊಳ್ಳಬಹುದು. ಸಾಲ ಕೊಡುವುದರಲ್ಲಿ ಒಬ್ಬರಿಗೊಬ್ಬರು ಜಾಮೀನು ನಿಲ್ಲುವ ಹೆಣ್ಣುಮಕ್ಕಳಿಗೆ ಒಬ್ಬರ ಕೊಟ್ಟಿಗೆಯನ್ನು ಇನ್ನೊಬ್ಬರು ನಾಲ್ಕು ದಿನ ನೋಡಿಕೊಳ್ಳುವುದು ಕಷ್ಟವಾಗದು.

ಬಾಯಿಬಿಟ್ಟು ಹೇಳದ ಇನ್ನೊಂದು ಅಡ್ಡಿಯಿದೆ: ಲಾಡ್ಜ್. ಲಾಡ್ಜಿನಲ್ಲಿ ಉಳಿಯುವುದೆಂದರೆ ನಮ್ಮ ಹಳ್ಳಿಗಳಲ್ಲಿ ಏನೋ ತಪ್ಪು ಕೆಲಸ ಎಂಬ ಭಾವನೆ. ಕೌಂಟರಿನಲ್ಲಿ ಆಧಾರ್ ಕೇಳಿದಾಗ ಹೆಂಡತಿ ಸೆರಗು ಸರಿಮಾಡಿಕೊಂಡು ಹಿಂದೆ ಸರಿಯುತ್ತಾಳೆ, ಗಂಡ ತಡವರಿಸುತ್ತಾನೆ. ಗುರುತಿನ ಚೀಟಿ ಕೇಳುವುದು ಎಲ್ಲರಿಗೂ ಇರುವ ನಿಯಮ. ಇಬ್ಬರೂ ಆಧಾರ್ ಕಾರ್ಡು ಇಟ್ಟುಕೊಳ್ಳಿ, ಮೊದಲು ಕೋಣೆ ನೋಡಿ, ಬಾತ್‌ರೂಮಿನ ನಲ್ಲಿ ತಿರುಗಿಸಿ, ಬಿಸಿನೀರು ಎಷ್ಟು ಹೊತ್ತಿಗೆ ಎಂದು ಕೇಳಿ, ಆಮೇಲೆ ದುಡ್ಡು ಕೊಡಿ. ಹೆಂಡತಿಯೇ ಕೌಂಟರಿನಲ್ಲಿ ನಿಂತು ಮಾತಾಡಲಿ. ಡೇರಿಯಲ್ಲಿ ಫ್ಯಾಟ್ ಕಡಿಮೆ ಬರೆದರೆ ಜಗಳವಾಡಿ ಸರಿ ಬರೆಸುವ ಹೆಂಗಸಿಗೆ ಇದು ದೊಡ್ಡ ಮಾತಲ್ಲ.

ಹೋಗುವುದು ಯಾವಾಗ? ಇದರಲ್ಲಿ ನಮ್ಮ ಬೇಸಾಯದ ಪಂಚಾಂಗವೂ ಕಡಲಿನ ಪಂಚಾಂಗವೂ ಹೊಂದಿಕೊಳ್ಳುತ್ತವೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಡಲು ಕೆರಳಿರುತ್ತದೆ. ಜೂನ್, ಜುಲೈ ಎರಡು ತಿಂಗಳು ಪಶ್ಚಿಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೇ ನಿಷೇಧ. ಮಂಗಳೂರಿಗೆ ಇಳಿಯುವ ಸಂಪಾಜೆ ಘಾಟಿಯೂ ಮಳೆಗಾಲದಲ್ಲಿ ನಂಬುವ ದಾರಿಯಲ್ಲ. 2018ರ ಆಗಸ್ಟಿನಲ್ಲಿ ಮದೆನಾಡು, ಜೋಡುಪಾಲದ ಕಡೆ ಗುಡ್ಡ ಕುಸಿದು ರಸ್ತೆಯೇ ಹೋಗಿತ್ತು. ಆ ತಿಂಗಳುಗಳಲ್ಲಿ ನಾವು ಹೇಗೂ ಸೊಪ್ಪಿನ ನಡುವೆ ಇರುತ್ತೇವೆ. ಜನವರಿ ಕೊನೆ, ಫೆಬ್ರುವರಿ ಹೊತ್ತಿಗೆ ಬೇಲುಗಳು ಬಹುಪಾಲು ಹೋಗಿರುತ್ತವೆ, ರಾಗಿ ಕಣ ಮುಗಿದಿರುತ್ತದೆ, ಕೆ.ಆರ್. ನಗರದಲ್ಲಿ ಭತ್ತ ಮನೆ ಸೇರಿರುತ್ತದೆ, ಚುಂಚನಕಟ್ಟೆ ಜಾತ್ರೆಯೂ ಕಳೆದಿರುತ್ತದೆ. ಸಸಿಮಡಿಗೆ ಇನ್ನೂ ದಿನವಿದೆ. ಕಡಲು ಆಗ ಶಾಂತ. ಮಾರ್ಚ್ ಬಂದರೆ ಮಂಗಳೂರಿನ ಸೆಕೆ ನಮ್ಮವರಿಗೆ ತಡೆಯಲಾಗದು.

ದಾರಿ ಸುಲಭ. ಮೈಸೂರಿನಿಂದ ಮಡಿಕೇರಿ ಮೇಲೆ ಮಂಗಳೂರಿಗೆ ಹೋಗುವ ಬಸ್ಸುಗಳು ಹುಣಸೂರು, ಪಿರಿಯಾಪಟ್ಟಣದ ಮೂಲಕವೇ ಹಾದುಹೋಗುತ್ತವೆ; ಹುಣಸೂರಿನಿಂದ ಇನ್ನೂರು ಚಿಲ್ಲರೆ ಕಿಲೋಮೀಟರ್. ಹಗಲಿನ ಬಸ್ಸೇ ಹಿಡಿಯಿರಿ. ನಮ್ಮ ಲಕ್ಷ್ಮಣತೀರ್ಥ, ಕಾವೇರಿ, ಕಬಿನಿ ಎಲ್ಲವೂ ಪೂರ್ವಕ್ಕೆ ಹರಿದು ತಮಿಳುನಾಡಿನ ಕಡಲು ಸೇರುವ ನದಿಗಳು. ಮಡಿಕೇರಿ ದಾಟಿ ಘಾಟಿ ಇಳಿಯುವಾಗ ಮಾತ್ರ ನೀರು ಪಶ್ಚಿಮಕ್ಕೆ ತಿರುಗುತ್ತದೆ. ಸಂಪಾಜೆಯಿಂದ ಸುಳ್ಯದವರೆಗೆ ಪಯಸ್ವಿನಿ ರಸ್ತೆಯ ಜೊತೆಜೊತೆಗೇ ಇರುತ್ತದೆ. ನೀರು ಹರಿಯುವ ದಿಕ್ಕು ಬದಲಾಗುವ ಆ ಜಾಗವನ್ನು ಬೇಸಾಯಗಾರ ಕಿಟಕಿ ಪಕ್ಕ ಕುಳಿತು ನೋಡಬೇಕು. ಕೆ.ಆರ್. ನಗರದವರಿಗೆ ರೈಲಿನ ದಾರಿಯೂ ಇದೆ. ಹಾಸನದ ಮೇಲೆ ಹೋದರೆ ಸಕಲೇಶಪುರ ಸುಬ್ರಹ್ಮಣ್ಯದ ನಡುವೆ ಐವತ್ತಕ್ಕೂ ಹೆಚ್ಚು ಸುರಂಗಗಳು. ಎಚ್.ಡಿ. ಕೋಟೆಯವರಿಗೆ ಹತ್ತಿರದ ಕಡಲು ಕೇರಳದ್ದು: ಮಾನಂದವಾಡಿ ಮೇಲೆ ತಲಶ್ಶೇರಿ, ಅದರಾಚೆ ಕಾರು ಓಡಿಸುವಷ್ಟು ಗಟ್ಟಿ ಮರಳಿನ ಮುಳಪ್ಪಿಲಂಗಾಡ್ ದಡ. ಆದರೆ ಬಾವಲಿಯ ಕಾಡು ರಸ್ತೆ ರಾತ್ರಿ ಮುಚ್ಚಿರುತ್ತದೆ, ಗಡಿಯಾಚೆ ಶಕ್ತಿ ಟಿಕೆಟ್ ನಡೆಯುವುದಿಲ್ಲ.

ಮಂಗಳೂರಿಗೆ ಹೋದ ಮೇಲೆ ‘ಹತ್ತು ಪಾಯಿಂಟ್ ನೋಡಿ’ ಎನ್ನುವವರ ಮಾತು ಕೇಳಬೇಡಿ. ಮೊಬೈಲಿನಲ್ಲಿ ಬರುವ ಪಟ್ಟಿಗಳು ಟೂರಿನ ಬಸ್ಸಿನ ಅದೇ ಅವಸರವನ್ನು ಮತ್ತೆ ಹೇರುತ್ತವೆ, ಹಾರನ್ ಒಂದು ಇಲ್ಲ ಅಷ್ಟೆ. ದಿನಕ್ಕೊಂದು ಜಾಗ ಸಾಕು. ಒಂದು ಬೆಳಿಗ್ಗೆ ಸುಲ್ತಾನ್ ಬತ್ತೇರಿಗೆ ಹೋಗಿ. ಟಿಪ್ಪು ಕಾಲದ ಕಪ್ಪು ಕಲ್ಲಿನ ಸಣ್ಣ ಕಾವಲು ಕೋಟೆ ಅದು. ಅಲ್ಲಿಂದ ಫಲ್ಗುಣಿ ನದಿಯ ಆಚೆ ದಡ ತಣ್ಣೀರುಬಾವಿ. ಒಂದೇ ನಡಿಗೆಯಲ್ಲಿ ಈಚೆ ನದಿ, ಆಚೆ ಕಡಲು ಎರಡನ್ನೂ ಕಾಣಬಹುದು. ಇನ್ನೊಂದು ದಿನ ಸೇಂಟ್ ಅಲೋಶಿಯಸ್ ಕಾಲೇಜಿನ ಚಾಪೆಲ್. 1900ರ ಆಸುಪಾಸಿನಲ್ಲಿ ಇಟಲಿಯ ಅಂತೋನಿಯೊ ಮೊಸ್ಕೇನಿ ಅದರ ಗೋಡೆ, ಮಾಡು ಎಲ್ಲವನ್ನೂ ಚಿತ್ರಗಳಿಂದ ತುಂಬಿಸಿದರು. ಕತ್ತು ನೋಯುವವರೆಗೂ ನೋಡಬಹುದು. ದೇವಸ್ಥಾನ ಬೇಕೆನಿಸಿದರೆ ಕದ್ರಿಗೆ ಹೋಗಿ, ಅಲ್ಲಿನ ಲೋಕೇಶ್ವರನ ಕಂಚಿನ ವಿಗ್ರಹ ಕ್ರಿ.ಶ. 968ರದು.

ನಮ್ಮ ಹಳೆಯ ಮನೆಗಳ ಮಾಡಿನ ಹೆಂಚು ಬಂದದ್ದೂ ಈ ಊರಿನಿಂದಲೇ. 1865ರಲ್ಲಿ ಬಾಸೆಲ್ ಮಿಷನ್ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಹೂಡಿತು. ನೇತ್ರಾವತಿ, ಫಲ್ಗುಣಿ ದಡಗಳ ಜೇಡಿಮಣ್ಣು ಸುಟ್ಟು ಆದ ಹೆಂಚುಗಳು ಘಟ್ಟ ಹತ್ತಿ ನಮ್ಮ ಕಡೆಗೂ ಬಂದವು. ಮಳೆಗಾಲಕ್ಕೆ ಮುಂಚೆ ಮಾಡು ಕೈಯಾಡಿಸುವಾಗ ಹೆಂಚು ತಿರುಗಿಸಿದರೆ ಕಾರ್ಖಾನೆಯ ಹೆಸರು ಉಬ್ಬಿಕೊಂಡಿರುತ್ತದೆ. ಹುಟ್ಟಿದಾಗಿನಿಂದ ಆ ಹೆಂಚಿನ ಕೆಳಗೆ ಮಲಗಿದವರಿಗೆ ಅದರ ಮಣ್ಣಿನ ನದಿ ಕಡಲು ಸೇರುವುದನ್ನು ನೋಡುವ ಹಕ್ಕಿಲ್ಲವೇ?

ಊಟಕ್ಕೆ ಕುಚ್ಚಲಕ್ಕಿ ಅನ್ನ, ಬಂಗುಡೆ ಪುಳಿಮುಂಚಿ, ನೀರುದೋಸೆ, ಕೋರಿ ರೊಟ್ಟಿ. ಮೀನು ತಿನ್ನುವವರು ಕಬಿನಿಯ ಕಾಟ್ಲಾ ಬಿಟ್ಟು ಕಾಣೆ ರುಚಿ ನೋಡಲಿ. ಮುಖ್ಯವಾದದ್ದು ಇದು: ಆ ನಾಲ್ಕು ದಿನ ಹೆಂಡತಿ ಎಲೆ ಮುಂದೆ ಮೊದಲು ಕೂರುತ್ತಾಳೆ, ಬಡಿಸುವವರು ಬೇರೆಯವರು. ಊರೊಳಗೆ ಖಾಸಗಿ ಸಿಟಿ ಬಸ್ಸುಗಳೇ ಹೆಚ್ಚು, ಅವುಗಳಲ್ಲಿ ಹೆಂಗಸರೂ ಟಿಕೆಟ್ ತೆಗೆಯಬೇಕು.

ನೀರಿನ ಬಗ್ಗೆ ಒಂದು ಎಚ್ಚರಿಕೆ. ಕಾವೇರಿಯಲ್ಲಿ, ಕೆರೆಯಲ್ಲಿ ಈಜು ಕಲಿತ ನಮ್ಮ ಗಂಡಸರು ಕಡಲನ್ನೂ ಹಾಗೇ ಎಣಿಸುತ್ತಾರೆ. ಅಲೆ ಹಿಂದಕ್ಕೆ ಸರಿಯುವಾಗಿನ ಸೆಳೆತ ಹೊಳೆಯ ಸೆಳೆತದಂತಲ್ಲ, ಗಟ್ಟಿ ಈಜುಗಾರನನ್ನೂ ಒಳಕ್ಕೆ ಒಯ್ಯುತ್ತದೆ. ಉಳ್ಳಾಲದ ಸೋಮೇಶ್ವರದಲ್ಲಿ ಬಂಡೆಗಳ ಮೇಲೆ ಕುಳಿತು ನೋಡಿ, ನೀರಿಗಿಳಿಯಬೇಡಿ. ಇಳಿಯುವುದಾದರೆ ಪಣಂಬೂರಿನಲ್ಲಿ, ಜೀವರಕ್ಷಕರು ಕಾಣುವ ಕಡೆ, ಮೊಣಕಾಲಿನ ಮಟ್ಟಕ್ಕೆ.

ಕೊನೆಗೆ ಉಳಿಯುವ ಮಾತು ‘ಮುಂದಿನ ವರ್ಷ’. ಎಲ್ಲ ಆಕ್ಷೇಪಗಳಲ್ಲಿ ಇದೇ ಕ್ರೂರವಾದದ್ದು, ಏಕೆಂದರೆ ಇದು ಬೇಡ ಎನ್ನುವುದಿಲ್ಲ. ಮಗಳ ಮದುವೆ ಮುಗಿಯಲಿ, ಮನೆ ಆರ್‌ಸಿಸಿ ಆಗಲಿ, ಮಗ ಒಂದು ದಾರಿಗೆ ಬರಲಿ ಎನ್ನುತ್ತಾ ಬಾಣಂತನ ಬರುತ್ತದೆ, ಮೊಮ್ಮಗು ಬರುತ್ತದೆ, ಸಕ್ಕರೆ ಕಾಯಿಲೆ ಬರುತ್ತದೆ, ಮಂಡಿ ಹೋಗುತ್ತದೆ. ಗಂಡ ತೀರಿಕೊಂಡ ಮೇಲೆ ಸಂಘದವರ ಬಸ್ಸಿನಲ್ಲಿ ಹೋಗಿ ಮೊದಲ ಸಲ ಕಡಲು ಕಂಡ ಹೆಣ್ಣುಮಕ್ಕಳು ನಮ್ಮ ಊರುಗಳಲ್ಲಿದ್ದಾರೆ. ‘ಅವ್ರೂ ಇದ್ದಿದ್ರೆ’ ಎಂದು ಅವರು ಹೇಳುವುದನ್ನು ಕೇಳಿದವರಿಗೆ ಈ ಮುಂದೂಡಿಕೆಯ ಬೆಲೆ ಗೊತ್ತು.

ಬೆಂಗಳೂರಿನಲ್ಲಿ, ಮೈಸೂರಿನಲ್ಲಿ ಕೆಲಸಕ್ಕಿರುವ ಮಕ್ಕಳಿಗೆ ನನ್ನ ಮನವಿ ಇದು. ಅಪ್ಪ ಅಮ್ಮನಿಗೆ ಹೊಸ ಟಿವಿ ಕೊಡಿಸುವ ಬದಲು, ಹುಟ್ಟುಹಬ್ಬಕ್ಕೆ ಕೇಕ್ ಕತ್ತರಿಸಿ ಫೋಟೊ ಹಾಕುವ ಬದಲು, ಬರುವ ಫೆಬ್ರುವರಿಯಲ್ಲಿ ನಾಲ್ಕು ದಿನ ರಜೆ ಹಾಕಿ ಊರಿಗೆ ಬನ್ನಿ. ಹಸು ಕರೆಯುವುದನ್ನು ಒಂದು ವಾರ ಮೊದಲೇ ಬಂದು ರೂಢಿ ಮಾಡಿಕೊಳ್ಳಿ, ಇಲ್ಲವಾದರೆ ಪಕ್ಕದ ಮನೆಯವರ ಜೊತೆ ಮುಯ್ಯಿ ಮಾತಾಡಿ. ಅಜ್ಜಿಯ ಮಾತ್ರೆಯ ಹೊತ್ತು ಬರೆದುಕೊಳ್ಳಿ. ಕೋಣೆ ಗೊತ್ತು ಮಾಡಿ, ಅಪ್ಪನ ಮೊಬೈಲಿಗೆ ಕರೆನ್ಸಿ ಹಾಕಿಸಿ, ಅಮ್ಮನ ಕೈಯಲ್ಲೇ ದುಡ್ಡು ಕೊಡಿ. ಹುಣಸೂರಿನ ಬಸ್ ನಿಲ್ದಾಣದಲ್ಲಿ ಮಂಗಳೂರಿನ ಬಸ್ಸಿಗೆ ಇಬ್ಬರನ್ನೂ ಕಿಟಕಿ ಕಡೆಯ ಸೀಟಿನಲ್ಲಿ ಕೂರಿಸಿ. ಜೊತೆಗೆ ನೀವು ಹೋಗಬೇಡಿ.